ಕಾಗದದಷ್ಟು ಸಂದು

ಕೋಲ್ಡ್ ಫೋರ್ಕ್, ಮೊಂಟಾನಾ
ಆಗಸ್ಟ್ ೯, ಶನಿವಾರ

ಪ್ರೀತಿಯ ಆರ್ಡಿಸ್ ಅಕ್ಕನಿಗೆ,

ಲಕೋಟೆ ಇಷ್ಟು ಭಾರ ಯಾಕೆ ಎಂದು ನೀನು ಅಲ್ಲಾಡಿಸಿ ನೋಡಿರುತ್ತೀಯ. ಒಳಗಿರುವುದು ಸೀಸದ ತುಂಡು. ಸಿಟ್ಟಿನಿಂದ ಕಳಿಸಿದ್ದಲ್ಲ. ಅದನ್ನು ಪಕ್ಕಕ್ಕಿಡು, ಕೈ ತೊಳೆದುಕೋ, ಆಮೇಲೆ ಓದು. ಹದಿನಾಲ್ಕು ತಿಂಗಳಿಂದ ನಾವು ಮಾತಾಡಿಲ್ಲ. ಫೋನು ಮಾಡಿದರೆ ಎರಡನೆಯ ವಾಕ್ಯಕ್ಕೇ ಜಗಳ ಶುರುವಾಗುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಟಿಲ್ಲಿಗೆ ಐದು ತಿಂಗಳಾಯಿತು. ನಲವತ್ತು ನಿಮಿಷಕ್ಕಿಂತ ಹೆಚ್ಚು ಮಲಗುವುದು ಅವಮಾನ ಎಂದುಕೊಂಡಿದ್ದಾಳೆ. ನಾನು ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನವಾಯಿತೋ ಲೆಕ್ಕ ಬಿಟ್ಟಿದ್ದೇನೆ. ಆದ್ದರಿಂದ ಇದರಲ್ಲಿ ಹಿಂದುಮುಂದಾದರೆ ನೀನೇ ಸರಿಮಾಡಿಕೋ. ಈಗ ಅವಳು ಮಲಗಿದ್ದಾಳೆ, ಮೊದಲು ಮುಖ್ಯ ವಿಷಯ ಹೇಳಿಬಿಡುತ್ತೇನೆ. ಅಪ್ಪನ ಬಂದೂಕಿನ ನಳಿಗೆ ಸವೆದಿಲ್ಲ. ಅದು ಕೆಟ್ಟೇ ಇಲ್ಲ ಅಕ್ಕ.

ಅದು ಕೆಟ್ಟಿದೆ ಎಂದು ಯಾರು ಹೇಳಿದರು ಎಂದು ನೀನು ಕೇಳುತ್ತೀಯ. ನಿನಗೆ ತಿಳಿಸದೆ ಮಾಡಿದ ಕೆಲಸ ಒಂದಿದೆ, ಅದನ್ನು ಹೇಳಬೇಕು.

ಅಪ್ಪನನ್ನು ಮಣ್ಣು ಮಾಡಿದ ದಿನ, ಚರ್ಚಿನ ಅಡುಗೆಮನೆಯಲ್ಲಿ ಹ್ಯಾಮ್ ಬನ್ನಿನ ತಟ್ಟೆಗಳ ನಡುವೆ ನಿಂತು ನೀನು ಅಂದದ್ದು ನನಗೆ ಅಕ್ಷರಶಃ ನೆನಪಿದೆ. "ಗುಂಡು ಹೊಯ್ದೂ ಹೊಯ್ದೂ ಕೈ ಸುಟ್ಕೊಂಡಿದ್ದು ನಾನು, ಟ್ರೋಫಿ ಹಿಡ್ಕೊಂಡು ಫೋಟೋ ತೆಗೆಸ್ಕೊಂಡಿದ್ದು ನೀನು. ನನ್ನ ಗುಂಡು ಕೊಟ್ರೆ ಕುರುಡನೂ ಪಂದ್ಯದ ಕಬ್ಬಿಣದ ಟಗರು ಬೀಳಿಸ್ತಾನೆ." ನಾನು ಏನಂದೆ ಎಂಬುದು ನಿನಗೂ ನೆನಪಿರಬೇಕು. "ಬಂದೂಕು ನನ್ನ ಹೆಸರಿಗೆ ಬರೆದಿದ್ದಾರೆ, ಗುಂಡು ಹೊಯ್ಯೋ ಅಚ್ಚು ನಿನ್ನ ಹೆಸರಿಗೆ. ತಗೊಂಡು ಹೋಗು. ಅಚ್ಚು ಅಂದ್ರೆ ಏನು ಮಹಾ, ಎರಡು ಹಿಡಿ ಇರೋ ಕಬ್ಬಿಣದ ತುಂಡು. ಅಂಗಡೀಲಿ ಸಾಲಾಗಿ ಜೋಡಿಸಿಟ್ಟಿರ್ತಾರೆ." ನೀನು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಕಾಫಿಯನ್ನೂ ಮುಗಿಸದೆ ಐಡಹೋಗೆ ಹೊರಟೆ.

ಅಂಗಡಿಯಲ್ಲಿ ಸಾಲಾಗಿಯೇ ಇದ್ದವು. ಅದೇ ಆಕಾರದ್ದು ಒಂದನ್ನು ತಂದೆ. ಹಾಲೂಡಿಸುವವಳು ಸೀಸ ಕರಗಿಸುವಂತಿಲ್ಲ, ಮಗುವಿಗೆ ಅದು ವಿಷ, ಅದಕ್ಕೆ ಮುದುಕ ವರ್ನ್ ತನ್ನ ಕೊಟ್ಟಿಗೆಯಲ್ಲಿ ಹೊಯ್ದು ಕೊಡುತ್ತಿದ್ದ. ಅಪ್ಪ ಹೋದಮೇಲೆ ಕ್ಲಬ್ಬಿನ ಗುರಿ ಹೊಡೆಯುವ ಪಂದ್ಯ ನಡೆಸುತ್ತಿರುವವನೂ ಅವನೇ. ನಾನು ಕೈಗವಸು ಹಾಕಿಕೊಂಡೇ ಎಲ್ಲ ಮಾಡುವುದು, ಬಟ್ಟೆ ಬೇರೆಯೇ ಒಗೆಯುವುದು. ಆದರೂ ಹೆದರಿಕೆ ಹೋಗದೆ ಟಿಲ್ಲಿಯ ರಕ್ತ ಎರಡು ಸಲ ಪರೀಕ್ಷೆ ಮಾಡಿಸಿದೆ. ಎರಡು ಸಲವೂ ಏನೂ ಇಲ್ಲ. "ಮೂರನೇ ಸಲ ಬಂದ್ರೆ ಮಗೂದಲ್ಲ, ನಿಂದು ಪರೀಕ್ಷೆ ಮಾಡ್ತೀನಿ" ಎಂದಳು ದಾದಿ.

ಈಗ ಗುಂಡಿನ ಕಥೆ ಕೇಳು. ಮೊದಲ ಐದು ಚೆನ್ನಾಗಿ ಹೋಗುತ್ತವೆ. ಆರನೆಯದು ಎಡಕ್ಕೆ. ಹತ್ತನೆಯದು ಟಗರಿಗಿರಲಿ, ಟಗರು ನಿಂತ ದಿಬ್ಬಕ್ಕೂ ತಾಗುವುದಿಲ್ಲ. ಹಿಂದಿನಿಂದ ನಳಿಗೆಯೊಳಗೆ ನೋಡಿದರೆ ಗೋಡೆಗೆಲ್ಲ ಬೆಳ್ಳಿಯ ಪಟ್ಟೆಗಳು, ಸೀಸ ಮೆತ್ತಿಕೊಂಡಿದೆ. ಉಜ್ಜಿ ಉಜ್ಜಿ ತೆಗೆಯಲು ಅರ್ಧ ದಿನ. ವರ್ನ್ ತಲೆ ಕೆರೆದುಕೊಂಡ. "ಸೀಸ ಮೆತ್ತಗಿದೆ ಹುಡುಗಿ, ಅದಕ್ಕೇ ಸವಕೊಂಡು ಹೋಗ್ತಿದೆ. ಗಟ್ಟಿ ಮಾಡೋಣ." ಹಳೆಯ ಮುದ್ರಣಾಲಯದ ಅಚ್ಚುಮೊಳೆಗಳನ್ನು ತಂದು ಕರಗಿಸಿ ಬೆರೆಸಿದ. ಇನ್ನೂ ಕೆಟ್ಟಿತು. "ಇನ್ನೂ ಗಟ್ಟಿ" ಎಂದು ಬಿಸಿ ಗುಂಡುಗಳನ್ನು ನೀರಿನ ಬಕೆಟ್ಟಿಗೆ ಬೀಳಿಸಿದ. ಮೇಜಿಗೆ ಬಡಿದರೆ ಗಂಟೆಯಂತೆ ಟಣ್ ಎನ್ನುತ್ತಿದ್ದವು. ಅವುಗಳಷ್ಟು ಸೀಸ ಮೆತ್ತಿದವು ಯಾವುವೂ ಇಲ್ಲ.

ಕೊನೆಗೆ ವರ್ನ್ ಟೊಪ್ಪಿ ತೆಗೆದ. "ಬೇಜಾರು ಮಾಡ್ಕೋಬೇಡ ಮಗಾ. ಈ ನಳಿಗೇನೂ ನಿಮ್ಮಪ್ಪನ ಥರಾನೇ. ಹೊರಗೆ ನೋಡಕ್ಕೆ ಚೆನ್ನಾಗಿದೆ, ಒಳಗೆ ಮುಗಿದಿದೆ."

ನಾನು ನಂಬಿದೆ. ಪೇಟೆಯ ಬಂದೂಕು ರಿಪೇರಿಯವನ ಹತ್ತಿರ ಹೋಗಿ ಸಹಿ ಹಾಕಿ ಬಂದೆ. ಸೆಪ್ಟೆಂಬರ್ ಎರಡು, ಮಂಗಳವಾರ, ಅವನು ನಳಿಗೆಯನ್ನು ಕೊರೆದು ಒಳಗೆ ಹೊಸ ಕೊಳವೆ ಕೂರಿಸುತ್ತಾನೆ. ಮುತ್ತಜ್ಜ ತಂದ ನಳಿಗೆ, ಅಪ್ಪ ಚಳಿಗಾಲವೆಲ್ಲ ಎಣ್ಣೆ ಹಚ್ಚಿದ ನಳಿಗೆ, ಪುಡಿಯಾಗಿ ಅವನ ಕಸದ ಡಬ್ಬಿಗೆ. ನಿನಗೆ ಹೇಳಬಾರದೆಂದೇ ಇದ್ದೆ. ಹೇಳಿದರೆ ನೀನು ನಗುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ನೀನು ಅಳುತ್ತಿದ್ದೆ.

ಮೊನ್ನೆ ಗುರುವಾರದ ಮಾತು. ವರ್ನ್‌ನ ಹೆಂಡತಿ ಇನೆಜ್ ಆಲೂಗಡ್ಡೆ ಬೇಯಿಸಿ ತಗೊಂಡು ಬಂದಿದ್ದಳು. ಐದು ಮಕ್ಕಳನ್ನು ಸಾಕಿದವಳು. ಟಿಲ್ಲಿಯ ಡೈಪರ್ ಸೋರಿ ನನ್ನ ಅಂಗಿ, ಹೊದಿಕೆ, ಸೋಫಾ ಎಲ್ಲ ಒದ್ದೆ. ಎರಡು ವಾರದಿಂದ ಇದೇ ಗೋಳು. ಸೋರಿದಷ್ಟೂ ನಾನು ದಪ್ಪನೆಯದು ತರುತ್ತಿದ್ದೆ. ಆ ದಿನ ಹಾಕಿದ್ದು ದಿಂಬಿನಂತಿತ್ತು. ಇನೆಜ್ ನೋಡಿ ನಕ್ಕಳು.

"ಎಷ್ಟು ದಪ್ಪ ಸುತ್ತಿದ್ರೂ ಅಷ್ಟೇ ತಾಯಿ. ಇಲ್ಲಿ ನೋಡು, ತೊಡೆಸಂದಿಗೆ ಮುಟ್ತಾನೇ ಇಲ್ಲ, ನನ್ನ ಬೆರಳು ಹೋಗುತ್ತೆ. ಮಗು ಬೆಳೀತು, ಡೈಪರ್ ಬೆಳೀಲಿಲ್ಲ. ಒಂದು ಅಳತೆ ದೊಡ್ಡದು ಹಾಕು. ತೆಳ್ಳಗಿರೋದು ಸಾಕು. ಸೋರೋದು ಸಂದೀಲಿ ಕಣೇ, ಬಟ್ಟೇಲಲ್ಲ."

ಅಕ್ಕ, ನಾನು ಡೈಪರ್ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟೆ. ನಾಲ್ಕು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು ನಾನು. ಮದ್ದು ಉರಿದಾಗ ಬೆಂಕಿಯಂಥ ಅನಿಲ ಗುಂಡಿನ ಬೆನ್ನಿಗೆ ಬೀಳುತ್ತದೆ. ಗುಂಡು ನಳಿಗೆಗೆ ಬಿಗಿಯಾಗಿ ಕೂತಿದ್ದರೆ ಅನಿಲ ಅದನ್ನು ನೂಕುತ್ತದೆ. ಗುಂಡು ಸಣ್ಣದಾಗಿದ್ದರೆ ಪಕ್ಕದ ಸಂದಿಯಲ್ಲಿ ನುಗ್ಗಿ, ಸೀಸವನ್ನು ಕರಗಿಸಿ, ಬೆಸುಗೆ ಹಾಕಿದ ಹಾಗೆ ಗೋಡೆಗೆ ಮೆತ್ತುತ್ತದೆ. ಮೆತ್ತನೆಯ ಗುಂಡಾದರೆ ಆ ಒತ್ತಡಕ್ಕೆ ಸ್ವಲ್ಪವಾದರೂ ಉಬ್ಬಿ ಸಂದು ಮುಚ್ಚುತ್ತದೆ. ವರ್ನ್‌ನ ಟಣ್ ಎನ್ನುವ ಗುಂಡು ಉಬ್ಬುವುದೇ ಇಲ್ಲ. ನಾವು ಇಷ್ಟು ದಿನ ಬಂದೂಕಿಗೂ ದಪ್ಪ ಡೈಪರ್ ಹಾಕುತ್ತಿದ್ದೆವು.

ಲೋವೆಲ್ ಕೆಲಸದಿಂದ ಬಂದಾಗ ಬಾಗಿಲಲ್ಲೇ ಹಿಡಿದು ಇದನ್ನೆಲ್ಲ ಹೇಳಿದೆ. ನನ್ನ ಗಂಡ ತಾಳ್ಮೆಯ ಮನುಷ್ಯ ಎಂದು ನಿನಗೆ ಗೊತ್ತು. "ಸಿಗ್ನೆ, ಕೈಲಿ ಡೈಪರ್ ಹಿಡ್ಕೊಂಡು ಬಂದೂಕಿನ ವಿಷಯ ಮಾತಾಡ್ತಿದೀಯ. ಮಗು ನನಗೆ ಕೊಡು, ಹೋಗಿ ಮಲಕ್ಕೋ" ಎಂದ. ನಾನು ಮಗುವನ್ನು ಇಟ್ಟುಕೊಂಡು ಅವನ ಕೈಗೆ ಸುತ್ತಿಗೆ ಕೊಟ್ಟೆ.

ಅವನ ಮೀನಿನ ಗಾಳದ ಪೆಟ್ಟಿಗೆಯಲ್ಲಿ ಸೀಸದ ಭಾರಗಳಿದ್ದವು, ಅಪ್ಪಟ ಮೆತ್ತನೆಯ ಸೀಸ. ಒಂದಕ್ಕೆ ಎಣ್ಣೆ ಸವರಿ ನಳಿಗೆಯ ಬಾಯಿಗಿಟ್ಟು, ಮರದ ಕೋಲಿನಿಂದ ನಿಧಾನಕ್ಕೆ ಬಡಿಯುತ್ತ ಈ ತುದಿಯಿಂದ ಆ ತುದಿಗೆ ದಾಟಿಸಿದ. ಆ ಕಡೆ ಬಿದ್ದದ್ದು ನಳಿಗೆಯ ಒಳಗಿನದೇ ಪಡಿಯಚ್ಚು. ನಿನ್ನ ಲಕೋಟೆಯಲ್ಲಿರುವುದು ಅದೇ. ಅಳೆದ. ಇಂಚಿನ ಸಾವಿರ ಭಾಗದಲ್ಲಿ ಮುನ್ನೂರ ಎಂಬತ್ತು. ವರ್ನ್‌ನ ಗುಂಡು ಅಳೆದ. ಮುನ್ನೂರ ಎಪ್ಪತ್ತಾರು. "ಇನ್ನೊಂದು ಸಲ ಅಳೆ" ಎಂದೆ. ಮೂರು ಸಲ ಅಳೆದ, ಮೂರು ಸಲವೂ ಅದೇ. ನಾಲ್ಕೇ ನಾಲ್ಕು ಸಾವಿರಾಂಶ. ಅದು ಎಷ್ಟಿರುತ್ತದೆ ಎಂದು ತಿಳಿಯಬೇಕೆನಿಸಿ, ನಿನಗೆ ಬರೆಯಲೆಂದು ತೆಗೆದಿಟ್ಟ ಈ ಹಾಳೆಯನ್ನೇ ಅಳತೆಗೆ ಹಿಡಿದೆವು. ನಾಲ್ಕು. ಈ ಹಾಳೆಯನ್ನು ಬೆಳಕಿಗೆ ಅಡ್ಡಲಾಗಿ ಹಿಡಿದು ಅಂಚು ನೋಡು. ಒಂದು ನಳಿಗೆಯನ್ನು ಕೊಲ್ಲಿಸಲು ನಾನು ಸಹಿ ಹಾಕಿದ್ದು ಇಷ್ಟಕ್ಕೆ.

ಮುಗಿಯಲಿಲ್ಲ. ಅಪ್ಪನ ಬೇಟೆಯ ಕೋಟು ಇನ್ನೂ ಗೂಟದಲ್ಲೇ ಇದೆ. ಹೊಲಿಗೆ ಬಿಟ್ಟ ಜೇಬಿನ ಅಸ್ತರಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಹಳೆಯ ಗುಂಡು, ಒಂದೇ ಒಂದು. ಜೇನುಮೇಣದ ವಾಸನೆ ಇನ್ನೂ ಇತ್ತು. ಲೋವೆಲ್ ಉಗುರೊತ್ತಿದರೆ ಗೀರು ಮೂಡಿತು, ಅಷ್ಟು ಮೆತ್ತಗೆ. ಅಳತೆ ಮುನ್ನೂರ ಎಂಬತ್ತೊಂದು. ನಳಿಗೆಗಿಂತ ಒಂದೇ ಒಂದು ಕೂದಲು ದಪ್ಪ, ಬಿಗಿಯಾಗಿ ಕೂರಲೆಂದು.

ಆಗ ನನಗೆ ಆ ಬೇಸಿಗೆ ನೆನಪಾಯಿತು. ನಿನಗೆ ಹದಿನಾಲ್ಕು. ಅಪ್ಪ ಒಂದು ಗುಂಡಿಗೆ ಉಜ್ಜುವ ಪುಡಿ ಮೆತ್ತಿ ಅಚ್ಚಿನೊಳಗಿಟ್ಟು ನಿನ್ನ ಕೈಗೆ ಕೊಟ್ಟಿದ್ದರು. ನೀನು ಷೆಡ್ಡಿನ ಮೆಟ್ಟಿಲ ಮೇಲೆ ಕೂತು ಅದನ್ನು ತಿರುಗಿಸುತ್ತಲೇ ಇದ್ದೆ, ದಿನಗಟ್ಟಲೆ. ನಾನು ತೊರೆಗೆ ಈಜಲು ಹೋಗುವಾಗ ಕೇಳಿದೆ, "ಏನೇ ಅದು, ಕಾಫಿಪುಡಿ ಬೀಸ್ತಿದೀಯಾ?" ನೀನು ತಲೆ ಎತ್ತದೆ, "ನೀನು ಗೆಲ್ಲಬೇಕಲ್ಲ, ಅದಕ್ಕೆ" ಎಂದೆ. ನಾನು ಅದನ್ನು ಕೊಂಕು ಎಂದುಕೊಂಡು ಈಜಲು ಹೋದೆ. ಇಪ್ಪತ್ತು ವರ್ಷ ಹಾಗೆಂದೇ ತಿಳಿದಿದ್ದೆ. ನೀನು ಅಚ್ಚಿನ ಒಳಗನ್ನು ಸವೆಸಿ ನಳಿಗೆಯ ಅಳತೆಗೆ ತರುತ್ತಿದ್ದೆ.

ಅಂಗಡಿಯಲ್ಲಿ ಅದು ಸಾಲಾಗಿ ಇರುವುದಿಲ್ಲ ಅಕ್ಕ. ನಾನು ಅಂದ ಮಾತು ತಪ್ಪು. ನೀನು ಅಂದದ್ದರಲ್ಲಿ ಮುಕ್ಕಾಲು ಪಾಲು ಸರಿ. ಕುರುಡನ ವಿಷಯ ಮಾತ್ರ ಒಪ್ಪುವುದಿಲ್ಲ.

ವರ್ನ್‌ಗೆ ನಿನ್ನೆ ಎರಡು ಅಳತೆಗಳನ್ನೂ ತೋರಿಸಿದೆ. ಅವನು "ನಲವತ್ತು ವರ್ಷದಿಂದ ಊರಿಗೆಲ್ಲಾ ಗಟ್ಟಿ ಮಾಡಿ, ಗಟ್ಟಿ ಮಾಡಿ ಅಂತ ಸಾರ್ಕೊಂಡು ಬಂದೆನಲ್ಲೇ" ಎಂದು, ತನ್ನ ಬಂದೂಕು ಅಳೆಯಲು ಮನೆಗೆ ಓಡಿದ. ಜೊತೆಗೆ ಬಂದಿದ್ದ ಇನೆಜ್ ಹಿಂದಿನಿಂದ ಕೂಗಿದಳು, "ಡೈಪರ್ ತಗೊಂಡು ಹೋಗು ಮುದುಕಪ್ಪಾ, ಬೇಕಾಗುತ್ತೆ."

ಈಗ ಕೇಳುವುದನ್ನು ಕೇಳಿಬಿಡುತ್ತೇನೆ. ಪಂದ್ಯ ಈ ತಿಂಗಳ ಕೊನೆಯ ಭಾನುವಾರ. ರಿಪೇರಿಯವನು ನಳಿಗೆ ಕೊರೆಯುವುದು ಅದಾಗಿ ಎರಡೇ ದಿನಕ್ಕೆ. ಆ ಅಳತೆಯ ಅಚ್ಚು ಮಾಡಿಸಲು ಆರು ತಿಂಗಳು ಕಾಯಬೇಕು. ಹತ್ತಿರದ ಅಳತೆಯ ಗುಂಡು ಪೇಟೆಯಲ್ಲಿ ಸಿಗಬಹುದು, ಆದರೆ ಹತ್ತಿರ ಎಂದರೆ ಏನೆಂದು ಈಗ ನನಗೆ ಗೊತ್ತು. ನಳಿಗೆ ಉಳಿಯಬೇಕಾದರೆ ಅದು ಚೆನ್ನಾಗಿದೆ ಎಂದು ನಾನು ಕಣ್ಣಾರೆ ನೋಡಬೇಕು. ಲೆಕ್ಕದಲ್ಲಿ ಸರಿ ಬಂದದ್ದನ್ನು ನಂಬುವಷ್ಟು ಧೈರ್ಯ ಈಗಿನ ನನ್ನ ತಲೆಗಿಲ್ಲ. ನಲವತ್ತು ಗುಂಡು ಪಂದ್ಯಕ್ಕೆ, ಇಪ್ಪತ್ತು ಅಭ್ಯಾಸಕ್ಕೆ. ನಾನು ಸೀಸ ಕರಗಿಸುವಂತಿಲ್ಲ. ಅಚ್ಚು ಕಳಿಸು ಎಂದು ನಾನು ಕೇಳುತ್ತಿಲ್ಲ. ಅದು ನಿನ್ನದು. ಅರವತ್ತು ಗುಂಡು ಹೊಯ್ದು ಕೊಡು. ಮೆತ್ತಗೆ, ಜೇನುಮೇಣ ಹಚ್ಚಿ, ಮೊದಲಿನ ಹಾಗೆ.

ಟಿಲ್ಲಿ ಎದ್ದಳು. ಇವಳ ಕೂಗು ನಿನ್ನ ಕೂಗಿನ ಹಾಗೇ ಇದೆ, ಮಧ್ಯೆ ಉಸಿರು ತೆಗೆಯುವುದಿಲ್ಲ.

ನಿನ್ನ ತಂಗಿ,
ಫೋಟೋದಲ್ಲಿ ಟ್ರೋಫಿ ಹಿಡಿದುಕೊಂಡವಳು,
ಸಿಗ್ನೆ

ತಾ.ಕ: ಗುಂಡನ್ನು ಅಂಚೆಯಲ್ಲಿ ಕಳಿಸಬೇಡ. ಪಂದ್ಯದಲ್ಲಿ ಗುರಿಗಾರ್ತಿಯ ಪಕ್ಕದಲ್ಲಿ ದುರ್ಬೀನು ಹಿಡಿದು, ಗುಂಡು ಎಲ್ಲಿ ಬಿತ್ತೆಂದು ಹೇಳಲು ಒಬ್ಬರು ಬೇಕೆಂಬುದು ನಿನಗೆ ಗೊತ್ತಿದೆ. ಅಪ್ಪನ ಜಾಗ ಅದು. ವರ್ನ್‌ನ ಪಟ್ಟಿಯಲ್ಲಿ ಅಲ್ಲಿ ನಿನ್ನ ಹೆಸರು ಬರೆದಿದ್ದೇನೆ, ಕಾಗದ ಬರೆಯುವುದಕ್ಕಿಂತ ಮೊದಲೇ. ಪೆನ್ಸಿಲಿನಲ್ಲಿ ಬರೆದಿದ್ದೇನೆ. ಬೇಡವಾದರೆ ಬಂದು ನೀನೇ ಅಳಿಸು.