ಮೆತ್ತಗಿನ ಊಟ

ಮದ್ದೂರು, ಮಂಗಳವಾರ

ಮಲ್ಲಿಗಕ್ಕನಿಗೆ ನಮಸ್ಕಾರ.

ಗಂಡಸಿನ ಗುರುತು ಹೋಗಲೆಂದು ಗಂಟಲ ಉಬ್ಬು ತೆಗೆಸಿ ಇವತ್ತಿಗೆ ಇಪ್ಪತ್ತೆರಡು ದಿನ. ಊತ ಇಳಿದಿಲ್ಲ. ಕನ್ನಡಿಯಲ್ಲಿ ಉಬ್ಬು ಇನ್ನೂ ಹಾಗೇ ಕಾಣುತ್ತದೆ. ದನಿ ಗೊಗ್ಗರಾಗಿದೆ.

ತಪ್ಪು ನನ್ನದೇ. ಡಾಕ್ಟರು ಮೆತ್ತಗಿನದ್ದು ತಿನ್ನು ಅಂದಿದ್ದರು. ನಮಗೆ ಮುದ್ದೆಗಿಂತ ಮೆತ್ತಗಿನದ್ದು ಏನಿದೆ ಹೇಳು? ಮೂರನೇ ದಿನವೇ, ಅಪ್ಪ ಕಲಿಸಿದಂತೆ, ಅಗಿಯದೆ ನುಂಗಿದೆ. ಒಳಗೆ ಏನೋ ಹರಿದಂತಾಯಿತು. "ಹಂಗೆ ನುಂಗ್ತಾರೇನಮ್ಮ?" ಎಂದು ಡಾಕ್ಟರು ಬೈದರು. ದನಿ ಮರಳುತ್ತದೋ ಇಲ್ಲವೋ, ಮೂರು ತಿಂಗಳು ಕಾದು ನೋಡಬೇಕಂತೆ. ಅಲ್ಲಿಯವರೆಗೆ ರಾಗಿಹಿಟ್ಟು ಕಳಿಸಬೇಡ.

ಇನ್ನೊಂದು ವಿಷಯ. ಎರಡು ವರ್ಷ ಮಾತು ಬಿಟ್ಟಿದ್ದ ಅವ್ವ ಈಗೀಗ ಫೋನು ಮಾಡಿ "ಉಂಡ್ಯಾ?" ಎಂದಷ್ಟೇ ಕೇಳುತ್ತಿದ್ದಳಲ್ಲ. ಆಪರೇಷನ್ ಆದದ್ದು ಅವಳಿಗೆ ಗೊತ್ತಿಲ್ಲ. ಮೊನ್ನೆ ಭಾನುವಾರ ಮಾಡಿದಳು. "ಅವ್ವಾ" ಅಂದೆ. "ಯಾರಪ್ಪ ನೀನು? ನನ್ ಮಗ್ಳಿಗೆ ಫೋನ್ ಕೊಡು" ಅಂದಳು.

ಮಗಳು ಅಂದದ್ದು ಅದೇ ಮೊದಲು. ನಾನು ಫೋನು ಇಟ್ಟುಬಿಟ್ಟೆ.

ಅವತ್ತು ಫೋನೆತ್ತಿದ್ದು ಪಕ್ಕದ ಮನೆಯವನು ಅಂತ ಅವ್ವನಿಗೆ ಹೇಳಿಬಿಡಕ್ಕ.

ಮಾತಾಡಲಾಗದೆ ಬರೆದ ನಿನ್ನ ತಂಗಿ,
ಅಮೃತ