ಬದುಕಿದ ಬಿಲ್ಲೆ

ಅಡುಗೆಮನೆಯ ಮೇಜಿನಿಂದ
ಮಾರ್ಚ್ ೧೦, ಭಾನುವಾರ ಬೆಳಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೋ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು. ಮುಂದಿನ ಬಂದರಿನಲ್ಲಿ ಈ ಪತ್ರ ನಿನ್ನ ಕೈ ಸೇರುತ್ತದೆಂದು ನಂಬಿದ್ದೇನೆ.

ಇನ್ನು ಸುದ್ದಿ. ನನ್ನ ಬಿಲ್ಲೆ ಬದುಕಿತು ಕಣೇ. ಅದೇ, ಹೆಬ್ಬೆರಳ ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆ. ವಿಕಿರಣ ತಾಗಿದಾಗಲೆಲ್ಲ ಒಂದು ಸಣ್ಣ ಮಿಡಿತದಿಂದ ಸುಳಿವು ಕೊಡುವುದಷ್ಟೇ ಅದರ ಕೆಲಸ. ಆದರೆ ಯಾವುದನ್ನು ಅದು ಕಂಡುಹಿಡಿಯಬೇಕೋ ಅದೇ ಅದನ್ನು ಒಳಗೊಳಗೇ ತಿಂದುಹಾಕುತ್ತದೆ. ಎಷ್ಟು ವರ್ಷ ತಾಳೀತು ಎಂಬುದೇ ನನ್ನ ಪಿಎಚ್.ಡಿ. ಹದಿನೈದು ವರ್ಷ ಬೀಳುವಷ್ಟು ವಿಕಿರಣವನ್ನು ಕೆಲವೇ ವಾರಗಳಲ್ಲಿ ಸುರಿಸಿದ್ದೆವು. ಹಳೆಯ ಮಾದರಿಗಳೆಲ್ಲ ಒಂದೊಂದಾಗಿ ಕಣ್ಣು ಮುಚ್ಚಿದವು. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ನಿಮ್ಮಪ್ಪ, "ನಿನ್ನ ಕೂಸು ಉಸಿರಾಡ್ತಿದೆಯಾ?" ಎಂದು ಕೇಳುತ್ತಿದ್ದರು.

ಶುಕ್ರವಾರ ನನ್ನ ವಿನ್ಯಾಸದ ಬಿಲ್ಲೆಯನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ವೋಲ್ಟೇಜ್ ಏರಿಸುತ್ತ ಹೋದೆ. ಪರದೆಯ ಮೇಲೆ ಮಿಡಿತ ಎದ್ದಿತು. ನಮ್ಮ ಮಾರ್ಗದರ್ಶಕರು ನನಗಿಂತ ಎಷ್ಟೋ ಚಿಕ್ಕವರು. ನಾನು ಅವರಿಗೆ ಸರ್ ಅನ್ನುತ್ತೇನೆ, ಅವರು ನನಗೆ ಮೇಡಂ ಅನ್ನುತ್ತಾರೆ, ನಿಲ್ಲಿಸಲು ಇಬ್ಬರಿಗೂ ಧೈರ್ಯವಿಲ್ಲ. ಅವರು ಬಗ್ಗಿ ನೋಡಿ, "ಮೇಡಂ, ಇದು ಬರೀ ವಿದ್ಯುತ್ತಿನ ಗದ್ದಲ ಇರಬಹುದು. ಆಸೆ ಇಟ್ಕೋಬೇಡಿ" ಎಂದರು. ಈ ಬಿಲ್ಲೆಯೂ ಹೋದರೆ ಮತ್ತೆ ಮೊದಲಿನಿಂದ ಶುರುಮಾಡುವ ವಯಸ್ಸೇ ನನ್ನದು? ಆದರೂ ವಾದಿಸಲಿಲ್ಲ. ಬಿಲ್ಲೆಗೂ ವಿಕಿರಣದ ಮೂಲಕ್ಕೂ ನಡುವಿನ ಮುಚ್ಚಳ ಎಳೆದು ಮುಚ್ಚಿದೆ. ಪರದೆ ಬೋಳಾಯಿತು. ತೆರೆದೆ, ಮಿಡಿತ. ಮುಚ್ಚಿದೆ, ಮಾಯ. ಅವರು ಕನ್ನಡಕ ಒರೆಸಿಕೊಂಡು, "ಇನ್ನೊಂದ್ಸಲ ತೆಗೀರಿ" ಎಂದರು. ತೆಗೆದೆ. ಕುರ್ಚಿ ಎಳೆದು ಪರದೆಯ ಮುಂದೆ ಕೂತವರು ಊಟಕ್ಕೂ ಏಳಲಿಲ್ಲ. ನಾನು ಕಾರಿಡಾರಿಗೆ ಹೋಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗೋಡೆ ಹಿಡಿದು ಒಂದು ಸುತ್ತು ಕುಣಿದೆ. ಮಂಡಿ ಇನ್ನೂ ನೋಯುತ್ತಿದೆ. ನಿಮ್ಮಪ್ಪನಂತೂ ಸುದ್ದಿ ಕೇಳುತ್ತ ನಿಂತು ಒಲೆಯ ಮೇಲಿನ ಹಾಲನ್ನೆಲ್ಲ ಉಕ್ಕಿಸಿಬಿಟ್ಟರು. ಎರಡು ದಿನದಿಂದ ಸಿಕ್ಕವರಿಗೆಲ್ಲ ವಿಕಿರಣದ ಪಾಠ ಹೇಳುತ್ತಿದ್ದಾರೆ, ಅರ್ಧ ತಪ್ಪು.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನೀನು ಕೈಯಿಟ್ಟ ಎಂಜಿನ್ ನಡುನೀರಿನಲ್ಲಿ ಎಂದೂ ಕೈಕೊಡದಿರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಬಿಲ್ಲೆಯನ್ನು ಕಣಗಳನ್ನು ಡಿಕ್ಕಿ ಹೊಡೆಸುವ ನಿಜವಾದ ಯಂತ್ರದೊಳಗೆ ಕೂರಿಸಿ ನೋಡಲು ದೂರದ ದೊಡ್ಡ ಪ್ರಯೋಗಾಲಯದವರು ಎರಡು ವರ್ಷಕ್ಕೆ ನನ್ನನ್ನು ಕರೆದಿದ್ದಾರೆ. ಬರುತ್ತೇನೆ ಎಂದುಬಿಟ್ಟಿದ್ದೇನೆ. ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ; ಇವತ್ತು ನಾನೇ ಹೇಳುತ್ತೇನೆ. ಈ ಪತ್ರ ಸಿಕ್ಕ ಕೂಡಲೇ ಅಪ್ಪನಿಗೆ ಫೋನ್ ಮಾಡು. ನನ್ನೆದುರು ಅವರು "ಹೋಗಿ ಬಾ" ಅಂತಲೇ ಅನ್ನುತ್ತಾರೆ. ಉಳಿದದ್ದನ್ನು ನಿನ್ನ ಹತ್ತಿರವಾದರೂ ಹೇಳಿಕೊಳ್ಳಲಿ.