ಫ್ಯಾನಿಗೆ ಬಿಟ್ಟ ಎಣ್ಣೆ

ಮಾವನವರಿಗೆ ನಮಸ್ಕಾರ.

ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಕಂಪ್ಯೂಟರಿನಲ್ಲಿ ನನ್ನ ಗೇಮ್ ಹತ್ತೇ ನಿಮಿಷಕ್ಕೆ ನಿಂತುಹೋಗುತ್ತಿತ್ತು. ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ, ಗೇಮನ್ನೇ ಮೂರು ಸಲ ಅಳಿಸಿ ಮತ್ತೆ ಹಾಕಿದೆ. ಪಾಪು ಮಲಗುವ ಒಂದೇ ಗಂಟೆಯನ್ನು, ನಾನೂ ಮಲಗದೆ, ವಾರವಿಡೀ ಇದರಲ್ಲೇ ಕಳೆದೆ. ಇವತ್ತು ಬಿಚ್ಚಿ ನೋಡಿದರೆ ಹಳೇ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ನಿಮ್ಮ ಲೇತಿನ ಎಣ್ಣೆ! ಅದಕ್ಕೆ ಬೊಂಬೆ ಕಡೆದ ಮರದ ಪುಡಿ ಅಂಟಿ ಗಟ್ಟಿಯಾಗಿದೆ; ಫ್ಯಾನ್ ತಿರುಗದೆ ಕಾರ್ಡ್ ಕಾದು ಗೇಮ್ ನಿಲ್ಲುತ್ತಿತ್ತು. ಅತ್ತೆ ಕೇಳಿದ್ದಕ್ಕೆ, “ಕಿರ್ರ್ ಅಂತಿತ್ತು ಕಣಮ್ಮಿ, ಒಸಿ ಎಣ್ಣೆ ಬುಟ್ಟೆ” ಎಂದಿರಂತೆ.

ಇನ್ನು ದಯವಿಟ್ಟು ಅದಕ್ಕೆ ಎಣ್ಣೆ ಬಿಡಬೇಡಿ. ನಾಳೆ ಒಂದು ಗಂಟೆ ಲೇತ್ ನಿಲ್ಲಿಸಿ ಪಾಪುವನ್ನು ಎತ್ತಿಕೊಳ್ಳಿ, ನಾನು ಫ್ಯಾನ್ ಒರೆಸುತ್ತೇನೆ. ಆ ಗೇಮಿನಲ್ಲಿ ನನ್ನ ಕಾಲೇಜಿನ ಗೆಳತಿಯರು ಸಿಗುತ್ತಾರೆ ಮಾವ. ನನ್ನನ್ನು ಈಗ ಹೆಸರು ಹಿಡಿದು ಕರೆಯುವವರು ಅವರಷ್ಟೇ.

ಇಂತಿ,
ಶಾಲಿನಿ